ಖಾಲಿ ತಂತಿಗೆ ಮೂರು ಪೆಟ್ಟು

ಕಳೆದ ವಾರ ಹಳೆಯ ಗಾದಿಯೊಂದನ್ನು ಅಟ್ಟದಿಂದ ಇಳಿಸಿ ಅಂಗಳಕ್ಕೆ ಎಳೆದು ಹಾಕಿದೆವು. ಒಂದು ಮೂಲೆಯ ಹೊಲಿಗೆ ಬಿಚ್ಚಿತ್ತು. ಅಲ್ಲಿಂದ ಒಂದು ವಾಸನೆ ಬಂತು... ಬಿಸಿಲು ಕುಡಿದ ಹತ್ತಿಯ ವಾಸನೆ, ಅದರೊಳಗೆ ಸಣ್ಣಗೆ ಹತ್ತಿಕಾಳಿನ ಎಣ್ಣೆಯ ಘಮ. ಮಗ, "ಇದನ್ನ ಒಗದು ಫೋಮಿಂದು ತರೂಣ" ಎಂದ. ನಾನು ಬದುಕಿನುದ್ದಕ್ಕೂ ಜನರ ಹಳೆಯ ತಾಮ್ರ, ಹಿತ್ತಾಳೆ ತೆಗೆದುಕೊಂಡು ಹೊಸ ಸ್ಟೀಲ್ ಪಾತ್ರೆ ಕೊಟ್ಟವನು. ಹಳೆಯ ವಸ್ತುವಿಗೆ ಬೆಲೆ ಇದೆಯೋ ಇಲ್ಲವೋ ಎಂಬುದು ಕೈಗೆತ್ತಿಕೊಂಡ ಕೂಡಲೇ ನನಗೆ ತಿಳಿಯುತ್ತದೆ. ಅಂದು ಮಾತ್ರ ಆ ಗಾದಿಯ ಮೇಲೆ ಕೈಯಿಟ್ಟರೂ ಬೆಲೆ ತಿಳಿಯಲಿಲ್ಲ. ಅದರ ಹತ್ತಿ ಹಿಂಜಿ, ತುಂಬಿ, ಹೊಲಿದವರು ನಮ್ಮ ಓಣಿಯ ಚಾಚಾ.

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಮಾನ್ವಿ ಕಡೆಯ ಹಳ್ಳಿಯಿಂದ ರಾಯಚೂರಿಗೆ ಬಂದಾಗ ನನ್ನ ಹತ್ತಿರ ಇದ್ದದ್ದು ಒಂದು ಬುಟ್ಟಿ, ಒಂದು ನಾಲಿಗೆ. ಕೋಟೆಯ ಒಳಭಾಗದ ಓಣಿಯೊಂದರಲ್ಲಿ ಬಾಡಿಗೆಗೆ ಕೋಣೆ ಸಿಕ್ಕಿತು. ಇಬ್ಬರು ಎದುರುಬದುರಾದರೆ ಒಬ್ಬರು ಯಾರದಾದರೂ ಕಟ್ಟೆ ಹತ್ತಲೇಬೇಕು, ಅಷ್ಟು ಸಣ್ಣ ಓಣಿ. ಇಡೀ ಓಣಿಗೆ ಒಂದೇ ನಲ್ಲಿ. ಗಂಡ ಹೆಂಡತಿ ಜಗಳವಾಡಿದರೆ ತೀರ್ಪು ಮೂರನೆಯ ಮನೆಯಿಂದ ಬರುತ್ತಿತ್ತು. ನಮ್ಮ ಗೋಡೆಗೆ ಗೋಡೆ ಹಚ್ಚಿದಂತೆ ಚಾಚಾನ ಮನೆ. ಹೆಂಡತಿ ತೀರಿಹೋಗಿದ್ದಳು, ಒಬ್ಬಳೇ ಮಗಳನ್ನು ದೇವದುರ್ಗಕ್ಕೆ ಕೊಟ್ಟಿದ್ದರು. ಮನೆಯ ನಡುವೆ ಒಂದು ಚೌಕದ ಅಂಗಳ, ಸುತ್ತ ನಾಲ್ಕು ಮನೆಗಳ ಎತ್ತರದ ಗೋಡೆ. ಮೇಲಿನಿಂದ ಬೆಳಕು ಮಾತ್ರ ಇಳಿಯುತ್ತಿತ್ತು. ಅಲ್ಲಿ ಸೂರಿಗೆ ತೂಗುಹಾಕಿದ, ಬಿಲ್ಲಿನಂಥ ದೊಡ್ಡ ಕಮಾನು, ಕೈಯಲ್ಲಿ ಕಟ್ಟಿಗೆಯ ಕೊಡತಿ. ಕಮಾನಿನ ತಂತಿಯನ್ನು ಹತ್ತಿಯ ಗುಡ್ಡೆಗೆ ತಾಗಿಸಿ ಕೊಡತಿಯಿಂದ ಹೊಡೆದರೆ, ಕಲ್ಲಿನಂತೆ ಗಟ್ಟಿಯಾದ ಹಳೆಯ ಹತ್ತಿ ನೊರೆಹಾಲಿನಂತೆ ಉಬ್ಬಿ ಬರುತ್ತಿತ್ತು.

ಆದರೆ ಹತ್ತಿಗೆ ತಾಗಿಸುವ ಮೊದಲು ಚಾಚಾ ಖಾಲಿ ತಂತಿಗೆ ಮೂರು ಪೆಟ್ಟು ಹಾಕುತ್ತಿದ್ದರು. ಟೊಂಯ್... ಟೊಂಯ್... ಟೊಂಯ್. ಆಮೇಲೆ ಕೊಡತಿ ಮಡಿಲಲ್ಲಿಟ್ಟು ಕಾಯುವರು. ಅದು ಓಣಿಗೆ ಕೊಟ್ಟ ನೋಟೀಸು. ಸಣ್ಣ ಎಳೆಗಳು ಮೇಲೆದ್ದು ಮಾಳಿಗೆಗಳ ಮೇಲೆಲ್ಲ ಇಳಿಯುತ್ತವಲ್ಲ, ಅದಕ್ಕೆ. ಆ ಸದ್ದು ಕೇಳಿದ್ದೇ ನಾಲ್ಕೂ ಕಡೆಯಿಂದ ಹೆಂಗಸರ ಕೂಗು ಏಳುತ್ತಿತ್ತು.

"ತಡೀರಿ ಚಾಚಾ, ಮಾಳಿಗಿ ಮ್ಯಾಲ ಸೀರಿ ಅದಾವ!"

"ನಮ್ಮ ಕೂಸು ಈಗ ಮಲಗ್ಯಾದ, ಒಂದೀಟು ಬಿಟ್ಟು ಹಚ್ರಿ!"

"ಹ್ವಾದ ವಾರ ನಿಮ್ಮ ಹತ್ತಿ ನಮ್ಮ ಸಾರಿನಾಗ ಬಿದ್ದಿತ್ರಿ! ಮುದುಕಿ ಕೂದಲ ಅಂತ ನನ್ನ ಗಂಡ ತಾಟ ಒಗದಾನ!"

ಚಾಚಾ ಕೂತಲ್ಲಿಂದಲೇ ಕೂಗುವರು: "ಬತ್ತಿ ಹೊಸೆದು ದೀಪಾ ಹಚ್ಚಬೇಕಿತ್ತು ಬಿಡವ್ವಾ, ಅರ್ಧ ಪುಣ್ಯೇ ನನಗೂ ಬರ್ತಿತ್ತು!"

ನಗು. ಕೊನೆಯ ಕೂಗು ನಿಲ್ಲುವವರೆಗೂ ಚಾಚಾ ಕೊಡತಿ ಎತ್ತುತ್ತಿರಲಿಲ್ಲ. ಎಲ್ಲರೂ "ಹೂಂ, ಹಚ್ರಿ" ಎಂದ ಮೇಲೆಯೇ ಕೆಲಸ. ಓಣಿಯಲ್ಲಿದ್ದಷ್ಟು ವರ್ಷ ನಾನು ಇದನ್ನು ಒಂದು ಕಿರಿಕಿರಿ ಎಂದುಕೊಂಡಿದ್ದೆ.

ವ್ಯಾಪಾರ ಕುದುರಿತು. ವಾರದಲ್ಲಿ ನಾಲ್ಕು ದಿನ ಪೋತ್ನಾಳ, ಕವಿತಾಳ, ದೇವದುರ್ಗ ಎಂದು ಸಂತೆ ತಿರುಗುತ್ತಿದ್ದೆ. ಎಂಬತ್ತರ ದಶಕದ ಹೊಸ್ತಿಲಲ್ಲಿ ಊರಾಚೆ, ಲಿಂಗಸುಗೂರು ರಸ್ತೆಯ ಕಡೆ, ಎರೆಹೊಲಗಳಿಗೆ ಕಲ್ಲು ನೆಟ್ಟು ಪ್ಲಾಟು ಮಾಡಿ ಮಾರತೊಡಗಿದರು. ನೋಡಲು ಹೋದೆ. ಮನೆ ಜಾಗ ನೋಡುವವರಿಗೆ ನಾನು ಇವತ್ತಿಗೂ ಹೇಳುವುದಿಷ್ಟು: ನೀರು ಎಷ್ಟು ಆಳದಲ್ಲಿದೆ ನೋಡಿ, ಮಳೆಗಾಲದಲ್ಲಿ ಒಮ್ಮೆ ಹೋಗಿ ನಿಂತು ಬನ್ನಿ, ಮಾರುವವನ ಮುಂದೆ ಎಂದೂ "ಛಲೋ ಅದ" ಎನ್ನಬೇಡಿ. ಆ ಪ್ಲಾಟುಗಳಲ್ಲಿ ಎರಡು ರಸ್ತೆ ಕೂಡುವ ಮೂಲೆಯ ಜಾಗ ನನ್ನ ಕಣ್ಣಿಗೆ ಬಿತ್ತು. ಮುಂದೆ ಅಲ್ಲಿ ಅಂಗಡಿ ಇಡಬಹುದು. ಹೊಲದ ಮಾಲೀಕ ಚೌಕಾಶಿಗೆ ಬಗ್ಗಲಿಲ್ಲ. ಕೊನೆಗೆ ಒಂದು ಮಾತು ಹೇಳಿದ: "ಬಾಜೂ ಪ್ಲಾಟಿಗೆ ಇನ್ನೊಬ್ಬರನ್ನ ಕರಕೊಂಡ ಬರ್ರಿ, ನೀವ್ ಹೇಳಿದ ರೇಟಿಗೇ ಮೂಲಿ ನಿಮಗ."

ನನಗೂ ಪಕ್ಕದಲ್ಲಿ ಒಂದು ಮನೆ ಬೇಕಿತ್ತು. ನಾಲ್ಕು ದಿನ ನಾನು ಸಂತೆಯಲ್ಲಿದ್ದರೆ ಆ ಬಯಲಲ್ಲಿ ಹೆಂಡತಿ, ಶಾಲೆಗೆ ಹೋಗುವ ವಯಸ್ಸಿನ ಮಗ ಇಬ್ಬರೇ. ಚಾಚಾನಿಗಿಂತ ಒಳ್ಳೆಯ ನೆರೆ ಎಲ್ಲಿ ಸಿಗಬೇಕು? ಹೋಗಿ ಕುಳಿತೆ. ನನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಹರವಿದೆ. ಸ್ವಂತ ನೆಲ, ಸ್ವಂತ ಬಾಗಿಲು, ಕಾಲು ಚಾಚುವಷ್ಟು ಬಯಲು. ಇಲ್ಲಿ ಒಂದು ಪೆಟ್ಟು ಹಾಕಬೇಕಾದರೂ ಹತ್ತು ಜನರ ಅಪ್ಪಣೆ, ಅಲ್ಲಿ ಯಾರೂ ಕೇಳುವವರಿಲ್ಲ.

ಚಾಚಾ ಕಮಾನಿನ ತಂತಿಯನ್ನು ಬೆರಳಿನಿಂದ ತೀಡುತ್ತ ಕೇಳಿದರು: "ಅಲ್ಲೋ ತಮ್ಮಾ, ಅಲ್ಲಿ ನನ್ನ ಕಮಾನಿನ ಸಪ್ಪಳ ಯಾರ ಕೇಳ್ತಾರ?"

"ಊರ ಬೆಳೀತದ ಚಾಚಾ. ಎರಡ ವರ್ಷ ತಡೀರಿ, ಜನಾನೇ ನಿಮ್ಮ ಮನಿ ಹುಡುಕೊಂಡ ಬರ್ತಾರ."

"ನೀ ಬಾಜೂಕ ಇರ್ತಿ, ಹೌದಿಲ್ಲ?"

"ಗ್ವಾಡಿಗೆ ಗ್ವಾಡಿ ಹಚ್ಚೇ ಕಟ್ಟೂಣು."

ಮೂಲೆಯ ಜಾಗದ ಮಾತು ನಾನು ಎತ್ತಲಿಲ್ಲ. ವ್ಯಾಪಾರದಲ್ಲಿ ಎಲ್ಲವನ್ನೂ ಬಾಯಿಬಿಟ್ಟು ಹೇಳಬಾರದು ಎಂದು ನಂಬಿದವನು ನಾನು.

ಬೇಸಿಗೆ ಮುಗಿಯುವ ಹೊತ್ತಿಗೆ ಇಬ್ಬರೂ ಹೋದೆವು. ನಾನು ಎರಡು ಕೋಣೆ ಕಟ್ಟಿಸಿದ್ದೆ, ಚಾಚಾ ಒಂದು. ಮೇಲೆ ತಗಡು, ಮುಂದೆ ಬಯಲು ಅಂಗಳ. ಮೊದಲ ಹದಿನೈದು ದಿನ ನನ್ನ ಹೆಂಡತಿ ಗಾಳಿಯನ್ನು ಹೊಗಳಿದ್ದೇ ಹೊಗಳಿದ್ದು. ಕಡ್ಡಿಪೆಟ್ಟಿಗೆ ಬೇಕಾದರೂ ಮೈಲಿ ನಡೆಯಬೇಕು ಎಂಬುದು ಹದಿನಾರನೆಯ ದಿನ ನೆನಪಾಯಿತು.

ಗಾಳಿಯ ಲೆಕ್ಕವನ್ನು ಮಾತ್ರ ನಾನು ಹಿಡಿದೇ ಇರಲಿಲ್ಲ. ಕಾರಹುಣ್ಣಿಮೆ ಮುಗಿದ ಮೇಲೆ ನಮ್ಮ ಎರೆಸೀಮೆಯಲ್ಲಿ ಪಡುವಣ ಗಾಳಿ ಹೇಗೆ ಬೀಸುತ್ತದೆ ಎಂದು ಹಳ್ಳಿಯಲ್ಲಿ ಹುಟ್ಟಿದ ನನಗೆ ಗೊತ್ತಿರಬೇಕಿತ್ತು. ಹತ್ತಿ ಹಿಂಜುವವನಿಗೆ ಬೇಕಾದದ್ದು ಬಯಲಲ್ಲ, ಗಾಳಿಯಾಡದ ಜಾಗ. ಓಣಿಯ ಆ ನಾಲ್ಕು ಗೋಡೆಗಳು ಚಾಚಾನ ಕಸುಬಿನ ಅರ್ಧ ಹತ್ಯಾರಗಳಾಗಿದ್ದವು. ಆ ಅರ್ಧವನ್ನು ಬಿಡಿಸಿ ಅವರನ್ನು ನಾನೇ ಇಲ್ಲಿಗೆ ಕರೆತಂದಿದ್ದೆ. ಹಿಂಜಿದ ಹತ್ತಿ ಕಣ್ಣೆದುರೇ ಎದ್ದು ಬೇಲಿಯ ಜಾಲಿಗೆ, ಪಕ್ಕದ ಜೋಳದ ಹೊಲಕ್ಕೆ ಹಾರಿತು. ಗೋಣಿತಟ್ಟು ಅಡ್ಡ ಕಟ್ಟಿ ನೋಡಿದರು, ಗಾಳಿ ಅದನ್ನೂ ಒಯ್ದಿತು. ಕೋಣೆಯೊಳಗೆ ಬಾಗಿಲು ಹಾಕಿಕೊಂಡು ಹಿಂಜಿದರೆ ತಗಡಿನ ಕಾವು, ಉಸಿರುಗಟ್ಟುವ ಧೂಳು. ಯಾರದೋ ಮದುವೆಯ ಗಾದಿಗೆಂದು ಕೊಟ್ಟ ಹತ್ತಿಯಲ್ಲಿ ಕಾಲುಭಾಗ ಹೊಲದ ಪಾಲಾದ ದಿನ, ಚಾಚಾ ಜಾಲಿಯ ಮುಳ್ಳಿನಿಂದ ಒಂದೊಂದೇ ಎಳೆ ಬಿಡಿಸುತ್ತಿದ್ದದ್ದನ್ನು ನೋಡಿದೆ. ನಾನೂ ಬಿಡಿಸತೊಡಗಿದೆ. "ಕಂಪೌಂಡ ಕಟ್ಟಿಸಿದ್ರ ಆತ್ ಚಾಚಾ" ಎಂದೆ. ಸಲಹೆ ಕೊಡುವ ಚಟ ಅಂಥ ಹೊತ್ತಿನಲ್ಲೂ ಬಿಡುವುದಿಲ್ಲ.

ಅದಕ್ಕಿಂತ ಹೆಚ್ಚಾಗಿ ನನ್ನನ್ನು ಚುಚ್ಚಿದ್ದು ನನ್ನ ಹೆಂಡತಿ ಹೇಳಿದ ಒಂದು ಮಾತು. ನಾನು ಸಂತೆಗೆ ಹೋದ ದಿನಗಳಲ್ಲೂ ಚಾಚಾ ಕೆಲಸ ಹಿಡಿಯುವ ಮೊದಲು ಖಾಲಿ ತಂತಿಗೆ ಮೂರು ಪೆಟ್ಟು ಹಾಕುತ್ತಿದ್ದರಂತೆ. ಹಾಕಿ, ಕೊಡತಿಯನ್ನು ಮಡಿಲಲ್ಲಿಟ್ಟು ಕಾಯುತ್ತಿದ್ದರಂತೆ. ಮೊದಮೊದಲು ಇವಳು ಒಳಗಿನಿಂದ "ಹೂಂ ಚಾಚಾ" ಎನ್ನುತ್ತಿದ್ದಳು. ಆದರೆ ಅವಳಿಗೇ ನಗು ಬಂದು, ಆಮೇಲೆ ಅಳು ಬಂದು, ಬಿಟ್ಟುಬಿಟ್ಟಳು.

"ತಗೀಲಿಕ್ಕೆ ಬಟ್ಟೀನೂ ಇರಲಿಲ್ಲ, ಮಲಗಿದ ಕೂಸೂ ಇರಲಿಲ್ಲ. ಸುಳ್ಳ ಸುಳ್ಳ ಏನಂತ ಕೂಗಲಿ?" ಎಂದಳು.

ಕೂಗು ಬರದಿದ್ದರೂ ಅವರು ಕಾಯುವುದು ಬಿಡಲಿಲ್ಲ.

ಎರಡನೆಯ ವರ್ಷ, ಗಾಳಿ ಮತ್ತೆ ಏಳುವ ಮುಂಚೆ, ಚಾಚಾ ನಮ್ಮ ಕಟ್ಟೆಗೆ ಬಂದು ಕುಳಿತರು. ಓಣಿಯ ಬಾಡಿಗೆ ಮನೆಗೆ ಬೇರೆಯವರು ಬಂದಾಗಿತ್ತು, ಅಲ್ಲಿಗೆ ಮರಳುವಂತಿರಲಿಲ್ಲ. "ದೇವದುರ್ಗಕ್ಕ, ಮಗಳ ಊರಿಗೆ ಹೊಂಟೀನಿ. ಜಾಗಾ ನೀನೇ ಇಟ್ಕೋ. ಏನ್ ಕೊಡ್ತಿ ಹೇಳು" ಎಂದರು.

ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಬರೆಯದಿದ್ದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ನನ್ನ ನಾಲಿಗೆ ತನ್ನಷ್ಟಕ್ಕೆ ತಾನೇ ಸಂತೆಯ ಮಾತಾಡಿತು. ಮೊದಲ ಬೆಲೆ ಎಂದೂ ಕೆಳಗೇ ಇರಬೇಕು. ಎದುರಿನವರು "ಹುಚ್ಚ ಹಿಡದದೇನೋ" ಎಂದು ಬೈಯಬೇಕು, ನಾನು ಸ್ವಲ್ಪ ಏರಬೇಕು, ಅವರು ಸ್ವಲ್ಪ ಇಳಿಯಬೇಕು. ಅವರು ಬೈಯಲಿ ಎಂದೇ ಅಷ್ಟು ಕಡಿಮೆ ಹೇಳಿದೆ. ಹೇಳಿ ಕಾದೆ.

"ಆಗಲಿ" ಎಂದರು ಚಾಚಾ.

ನಾನು ಕಂಗಾಲಾದೆ. "ಅಲ್ರೀ ಚಾಚಾ, ನೀವು ಏನರ ಹೇಳ್ರಿ... ಏರ್ಸ್ರಿ..." ಎಂದು ತಡವರಿಸಿದೆ.

ಅವರು ನಕ್ಕರು. "ಚೌಕಾಶಿ ನನಗ ಬರೂದಿಲ್ಲೋ. ಮೂಲಿ ಜಾಗದ ಮಾತು ಆ ಮಾಲಕ ರಿಜಿಸ್ಟ್ರಿ ದಿನಾನೇ ನನಗ ಹೇಳಿದ್ದ."

"ಗೊತ್ತಿದ್ದೂ ಯಾಕ ಬಂದ್ರಿ?"

"ನೀ ಬಾಜೂಕ ಇರ್ತಿ ಅಂತ ಬಂದೆ. ನೀನೂ ವಾರದಾಗ ನಾಕ್ ದಿನಾ ಸಂತ್ಯಾಗೇ ಇರ್ತಿ..." ಎಂದವರು ಒಳಗೆ ನೋಡಿ ನನ್ನ ಹೆಂಡತಿಗೆ ಹೇಳಿದರು: "ಯವ್ವಾ, ನಿಮ್ಮನಿ ಹತ್ತಿ ಕೊಡು. ಹೋಗೂದರಾಗ ಒಂದ ಗಾದಿ ತುಂಬಿ ಕೊಡ್ತೀನಿ."

ಆಮೇಲೆ ನಾನು ಸರಿಯಾದ ಬೆಲೆಯನ್ನೇ ಕೊಟ್ಟೆ, ಅವರು ಬೇಡವೆಂದರೂ ಕೊಟ್ಟೆ. ಆದರೆ ಮೊದಲು ಬಾಯಿಂದ ಬಿದ್ದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ವ್ಯಾಪಾರ ನನಗೆ ಯಾರೂ ಕಲಿಸಿರಲಿಲ್ಲ. ಗಾದಿಯನ್ನು ಅವರು ಕೋಣೆಯ ಬಾಗಿಲು ಮುಚ್ಚಿಕೊಂಡು, ಆ ತಗಡಿನ ಕಾವಿನಲ್ಲೇ ಎರಡು ದಿನ ಕೂತು ತುಂಬಿದರು.

ಮುಂದೆ ಒಮ್ಮೆ ದೇವದುರ್ಗದ ಸಂತೆ ಮುಗಿಸಿ ಬಸ್ ಸ್ಟ್ಯಾಂಡಿಗೆ ನಡೆದಿದ್ದೆ. ಪಕ್ಕದ ಸಂದಿಯೊಂದರಿಂದ ಮೂರು ಪೆಟ್ಟು ಕೇಳಿತು. ನಿಂತೆ. ಕೂಗು ಬರುತ್ತದೋ ಇಲ್ಲವೋ ಎಂದು ಕಿವಿಗೊಟ್ಟೆ. ಆಗ ಮಾಳಿಗೆಯೊಂದರಿಂದ ಹೆಣ್ಣುದನಿ: "ತಡೀರಿ ಮುತ್ತ್ಯಾ, ಹಪ್ಪಳ ಒಣಾಕತ್ತಾವ!" ಅದರ ಹಿಂದೆ ಇನ್ನೊಂದು, ಮತ್ತೊಂದು. ನನಗೆ ಸಮಾಧಾನವಾಯಿತು, ಸುಳ್ಳೇಕೆ, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಒಳಗೆ ಹೋಗಲಿಲ್ಲ. ಬಸ್ಸು ಹೊರಡುವುದರಲ್ಲಿತ್ತು, ಬರುವ ವಾರ ಒಂದಿಷ್ಟು ಹಣ್ಣು ಹಿಡಿದುಕೊಂಡು ಹೋದರಾಯಿತು ಎಂದುಕೊಂಡೆ. ಬರುವ ವಾರವೂ ಬಸ್ಸು ಹೊರಡುವುದರಲ್ಲೇ ಇತ್ತು... ಕೊನೆಗೆ ಹೋದ ದಿನ ಬಾಗಿಲಿಗೆ ಬಂದವಳು ಮಗಳು. ಕಮಾನು ಗೋಡೆಗೆ ಒರಗಿತ್ತು, ತಂತಿ ಬಿಚ್ಚಿತ್ತು.

ಮೊನ್ನೆ ಮಗನ ಮಾತು ಮೀರಿ, ಹತ್ತಿ ಹಿಂಜುವ ಮಷೀನಿನ ಗಾಡಿಯವನನ್ನು ಕರೆಸಿದೆ. ಅಂಗಳದಲ್ಲಿ ಗಾದಿ ಬಿಚ್ಚಿ ಹಾಕಿ ಅವನು ಸ್ವಿಚ್ಚಿಗೆ ಕೈ ಇಟ್ಟಾಗ, "ಒಂದೀಟು ತಡಿಯಪ್ಪಾ" ಎಂದೆ.

"ಯಾಕ್ರೀ ಯಜಮಾನ್ರ?"

ನಾನು ಸುತ್ತ ನೋಡಿದೆ. ಒಂದು ಕಾಲದ ಆ ಬಯಲಿನಲ್ಲಿ ಈಗ ಆಚೆ ಮೂರು ಅಂತಸ್ತು, ಈಚೆ ನಾಲ್ಕು, ಎದುರಿಗೆ ಆಸ್ಪತ್ರೆಯ ಹಿಂಗೋಡೆ. ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತಿದ್ದವು, ಯಾರವೋ. ಒಳಗಿನಿಂದ ನನ್ನ ಹೆಂಡತಿ ಬಂದು ಹಗ್ಗದ ಮೇಲಿನ ತನ್ನ ಸೀರೆ ಎಳೆದುಕೊಂಡು ಹೋದಳು. "ಹೂಂ, ಹಚ್ಚು" ಎಂದೆ.

ಮಷೀನು ಕಿರುಚಿತು. ಚಾಚಾನ ಹತ್ತಿ ಮತ್ತೆ ಉಬ್ಬಿ ಬಂತು, ಅಂಗಳದ ತುಂಬ ಹರಡಿತು. ಆಷಾಢದ ಹಗಲು, ಒಂದು ಎಳೆಯೂ ಹಾರಲಿಲ್ಲ. ಬಿದ್ದಲ್ಲೇ ಬಿದ್ದಿತ್ತು. ಈ ಜಾಗದಲ್ಲಿ ಗಾಳಿ ನಿಂತು ಎಷ್ಟು ವರ್ಷಗಳಾದವೋ, ನಾನು ನೋಡಿಯೇ ಇರಲಿಲ್ಲ.