ದತ್ತಕ ಹೋದ ಪಾಠಗಳು

ಅಕ್ಕನ ನೌಕರಿ ಪರೀಕ್ಷಾಕ್ಕ ಎಂಟು ದಿನ ಉಳಿದಿದ್ವು. ಹುಟ್ಟಿನಿಂದ ಆಕಿಗೆ ಕಣ್ಣು ಕಾಣೂದಿಲ್ಲ. ನಾ ಪುಸ್ತಕ ಟೈಪ್ ಮಾಡಿ ಕೊಟ್ರ ಕಂಪ್ಯೂಟರ್ ಓದಿ ಹೇಳತಿತ್ತು, ಆಕಿ ಕೇಳಿ ಕಲೀತಿದ್ಲು. ಚಿಕ್ಕೋಡಿಯಾಗ ನಂದೊಂದು ಟೈಪಿಂಗ್ ಅಂಗಡಿ ಇತ್ತು. ಆಗಿನ ನನ್ನ ಸೊಕ್ಕು ಕೇಳಬ್ಯಾಡ್ರಿ.

ಒಂದು ಮುಂಜಾನೆ ಅಕ್ಕ ಒದರಿದ್ಲು. "ಲೇ ತಮ್ಮಾ, ನಿನ್ನ ಪುಸ್ತಕ ಮಗ್ಗಿ ಹೇಳಾಕತ್ತೈತಲ್ಲೋ!"

ಹೋಗಿ ಕೇಳಿದೆ. ಮರಾಠಿ ಮುನ್ನುಡಿ ಛಲೋ ಬಂತು. ಆಮ್ಯಾಲ ಬರೇ "ಏಕ್... ದೋನ್... ತೀನ್..." ಕನ್ನಡ ಪಾಠದಾಗಿನ ಅಂಕಿ ಅಷ್ಟ ಓದಿ, ಉಳಿದದ್ದೆಲ್ಲಾ ನುಂಗಿತ್ತು ಆ ಯಂತ್ರ.

ತಪ್ಪು ನಂದೇ. ಬರಹ ಯಾವ ಭಾಷಾದ್ದು ಅಂತ ಕಂಪ್ಯೂಟರಿಗೆ ಗುರುತು ಹಾಕಬೇಕು. ಆ ಪುಸ್ತಕ ನಿಪ್ಪಾಣಿ ಮಾಸ್ತರೊಬ್ಬರ ಟಿಪ್ಪಣಿ. ಮುನ್ನುಡಿ ಮರಾಠಿ, ಪಾಠ ಎಲ್ಲಾ ಕನ್ನಡ. ನಾ ಪುಸ್ತಕದ ನೆತ್ತಿ ಮ್ಯಾಲ "ಮರಾಠಿ" ಅಂತ ಬಡಿದು ಕೈ ತೊಳಕೊಂಡಿದ್ದೆ. ನಮ್ಮವ್ವ ಮರಾಠಿಯಾಗ ಬೈಯಾಕ ಸುರು ಮಾಡಿ ಕನ್ನಡದಾಗ ಮುಗಸಾಕಿ. ಭಾಷಾ ಎಲ್ಲಿ ಬದಲಾತು ಅಂತ ನಮ್ಮ ಕಡೆ ಯಾರ ನೋಡ್ತಾರ್ರಿ?

ಆದರ ನೆತ್ತಿ ಮ್ಯಾಲ ಹಾಕಿದ ಗುರುತು ಒಳಗಿನ ಪಾಠಕ್ಕೆಲ್ಲಾ ಇಳೀತೈತಂತ. ಇಂಥಾ ಗುರುತು ಹೆಂಗ ಹಾಕಬೇಕಂತ ಹೇಳೂ ನಿಯಮದ ಪುಸ್ತಕ ಒಂದೈತಿ, ಅದರಾಗ ಆ ಗುರುತಿನ ಪುಟ ತೆಗೆದ್ರ ಈ ಮಾತೇ ಇಲ್ಲ! ಎಲ್ಲೋ ಕಡೀ ಪುಟದ ಮೂಲ್ಯಾಗ ಸಣ್ಣ ಅಕ್ಷರದಾಗ ಕುಂತಿತ್ತು. ಬರದ ಪುಣ್ಯಾತ್ಮಗ ದೂರದಿಂದನ ಕೈ ಮುಗಿದೆ.

ಸಿಟ್ಟು ನೆತ್ತಿಗೇರಿತು. ಇದನ್ನ ನಾನೇ ಸ್ವಚ್ಛ ಬರೀತೀನಿ ಅಂತ ದೊಡ್ಡ ಹಾಳಿ ತಗೊಂಡು, ಡಬ್ಬಿಯೊಳಗ ಡಬ್ಬಿ ಬರದು, ಮ್ಯಾಲಿಂದ ಕೆಳಗ ಕೆಂಪು ಬಾಣ ಇಳಿಸಿದೆ. ಅಂಗಡಿ ಗ್ವಾಡಿಗೆ ಹಚ್ಚಿ, ಮನಿಗೆ ಹೋಗಿ ಅಕ್ಕನ ಮುಂದ ಬಡಾಯಿ ಕೊಚ್ಚಿದೆ.

"ಭಾಳ ಛಲೋ ಆತು," ಅಂದ್ಲು ಅಕ್ಕ. "ನನಗ ಯಾವಾಗ ತೋರಸ್ತಿ?"

ಅಯ್ಯೋ ದೇವರ! ಯಾರ ಸಲುವಾಗಿ ಇಷ್ಟೆಲ್ಲಾ ಮಾಡಿದ್ನೋ, ಆಕಿನ್ನ ಮರೆತಿದ್ದೆ.

ಅಕ್ಕ ನಕ್ಕಳು. "ಇರ್ಲಿ ಬಿಡು. ಗುರುತು ಹೆಂಗ ಇಳೀತೈತಿ, ಬಾಯಿಲೇ ಹೇಳು." ಹೇಳಿದೆ. ಜರಾ ವಿಚಾರ ಮಾಡಿ, "ಈಗ ನಾ ಹೇಳ್ತೀನಿ, ನೀ ಬರಿ," ಅಂದ್ಲು:

"ಮನೆತನದ ಅಡ್ಡಹೆಸರು ಮಕ್ಕಳಿಗೆ ತಾನಾಗೇ ಬರತೈತಿ. ದತ್ತಕ ಹೋದವಗ ಅಷ್ಟ ಬ್ಯಾರೆ ಹೆಸರು ಹಾಕಬೇಕು. ಅವನ ಮಕ್ಕಳಿಗೆ ಅವನ ಹೆಸರೇ ಬರತೈತಿ."

ಇಷ್ಟೇ! ನನ್ನ ಡಬ್ಬಿ, ಬಾಣ ಎಲ್ಲಾ ಹಾಳಾಗಿ ಹೋಗ್ಲಿ. ದತ್ತಕ ಹೋದ ಮಗಗ ಹೆಸರಿಟ್ಟಂಗ ಒಂದೊಂದು ಪಾಠದ ಮ್ಯಾಲ "ಕನ್ನಡ" ಅಂತ ಹಾಕ್ಕೋತ ಹೋದೆ, ಒಳಗಿನ ಸಾಲೆಲ್ಲಾ ತಾವೇ ಹಿಂದ ಬಂದ್ವು. ಸಂಜೀಕ ಯಂತ್ರ ಕನ್ನಡ ಮಾತಾಡಿತು. "ಬಂತಲ್ಲ ಅಕ್ಕಾ!" ಅಂತ ನಾ ಕುಣಿದ್ರ, ಆಕಿ ಕೈ ಎತ್ತಿ, "ಸುಮ್ಕಿರು, ಪಾಠ ಸುರು ಆಗೈತಿ," ಅಂದ್ಲು.

ಅಕ್ಕಗ ನೌಕರಿ ಹತ್ತಿತು. ಈಗೂ ಆಕಿ ಕಚೇರಿಗೆ ಟೈಪ್ ಮಾಡಾಕ ಹೊಸಬ್ರು ಬಂದ್ರ ಆ ಮೂರು ಸಾಲು ಹೇಳಿ ಕೊಡ್ತಾಳ. ಇದನ್ನ ಬರದಾವ್ರು ಯಾರ್ರಿ ಅಂತ ಕೇಳಿದ್ರ, "ನನ್ನ ತಮ್ಮ. ಮೊದಲ ನನಗ ಚಿತ್ರ ಬರದು ಕೊಟ್ಟಿದ್ದ," ಅಂತಾಳ.