ಮುಗ್ಗಿದ ಜೋಳದ ಗಾಳಿ

ಕೆಲವು ವಿವರ ತಪ್ಪಿರಬಹುದು. ದೊಡ್ಡಮ್ಮ ಹಾಕಿಸಿದ ಒಡ್ಡು ಕಲ್ಲಿನದೋ ಮಣ್ಣಿನದೋ, ಈಗ ಖಾತ್ರಿಯಿಲ್ಲ. ನನ್ನ ಸಿಟ್ಟು ಕಲ್ಲನ್ನೇ ನೆನಪಿಸುತ್ತದೆ, ಅದಕ್ಕೇ ಅನುಮಾನ.

ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ಊರ ಹೊರಗೆ, ಎರಡು ಬೋಳು ಗುಡ್ಡಗಳ ನಡುವಿನ ತಗ್ಗಿನಲ್ಲಿ ನಮ್ಮ ಓಣಿ. ಮಳೆಯಾದರೆ ಬಂಡೆ ಒಂದು ಹನಿಯನ್ನೂ ಕುಡಿಯದೆ ಎಲ್ಲವನ್ನೂ ಒಮ್ಮೆಗೇ ಕೆಳಗೆ ಬಿಡುತ್ತಿತ್ತು. ಮನೆ ಎಷ್ಟು ಮೇಲಿದೆಯೋ ಅಷ್ಟು ಮರ್ಯಾದೆ. ದೊಡ್ಡಪ್ಪನದು ಮೇಲಿತ್ತು, ನಮ್ಮದು ಕೆಳಗೆ.

ರೇಷನ್ನಿನ ಆ ದಿನಗಳಲ್ಲಿ ಕುರುಗೋಡಿನ ಹೊಲದ ಜೋಳವೇ ನಮಗೆ ವರ್ಷದ ಊಟ. ಅಪ್ಪ ಅದನ್ನು ಅಂಗಳದ ಹಗೇವಿನಲ್ಲಿ, ನೆಲದೊಳಗಿನ ಆ ಕಣಜದಲ್ಲಿ, ತುಂಬಿ ಬಾಯಿ ಮುಚ್ಚಿದ್ದ. ಆ ಮುಂಗಾರಿನಲ್ಲಿ, ತನ್ನ ಹಿತ್ತಲಿಗೆ ನೀರು ನುಗ್ಗದಂತೆ ದೊಡ್ಡಮ್ಮ ಹಾಕಿಸಿದ ಒಡ್ಡು ನೀರನ್ನು ನಮ್ಮ ಅಂಗಳದತ್ತ ತಿರುಗಿಸಿತು. ಹಗೇವು ತೆರೆದಾಗ ಎದ್ದ ಮುಗ್ಗಲು ನಾತಕ್ಕೆ ಅಪ್ಪ ಹಿಂದೆ ಸರಿದ.

ದೊಡ್ಡಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ನೋಡಲು ಬಂದಳು. "ತಗ್ಗಿನಾಗ ಇರಾವ್ರಿಗೆ ಹಗೇವು ಯಾಕ ಬೇಕಿತ್ತವ್ವಾ? ಗಡಿಗ್ಯಾಗ ಇಟ್ಕೊಂಡಿದ್ರ ಸಾಲ್ತಿತ್ತು."

"ಹೌದಕ್ಕಾ, ನಮಗ ತಿಳಿಲಿಲ್ಲ," ಎಂದಳು ಅವ್ವ. ಅಷ್ಟೇ.

ಮಳೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಅವ್ವ ಆ ಜೋಳವನ್ನು ಬುಟ್ಟಿ ಬುಟ್ಟಿ ಹೊತ್ತು, ದೊಡ್ಡಮ್ಮನ ಹಿತ್ತಲಾಚೆಯ ಹಾಸುಬಂಡೆಯ ಮೇಲೆ ಹರವಿದಳು. ಕಾಳು ಒಣಗಿಸಲು ಓಣಿಗೆಲ್ಲ ಹಕ್ಕಿದ್ದ ಬಂಡೆ ಅದು. ದೊಡ್ಡಮ್ಮನ ಮನೆಯ ಪಡುವಣಕ್ಕಿತ್ತು, ಗಾಳಿಯೂ ಪಡುವಣದ್ದೇ.

ಅಂದೇ ಸಿರುಗುಪ್ಪದಿಂದ ದೊಡ್ಡಮ್ಮನ ಮಗಳನ್ನು ನೋಡಲು ಗಂಡಿನವರು ಬಂದರು. ಕಾಳಿಗೆ ಕಾವಲು ಕೂತಿದ್ದ ನನಗೆ ಮಾತೆಲ್ಲ ಕೇಳಿಸುತ್ತಿತ್ತು.

"ಲೇ, ಇವರ ಹಗೇವು ಮುಗ್ಗೇತಿ," ಎಂದ ಅವರ ಹಿರಿಯ. "ಕಾಳು ಕಾಯಾಕ ಬರದ ಮನ್ಯಾಗಿನ ಹೆಣ್ಣು ನಮಗ್ಯಾಕ? ಏಳು, ಹೋಗೂಣು."

"ನಮ್ಮದಲ್ರೀ, ಕೆಳಗಿನ ಮನೀದು," ಎಂದು ದೊಡ್ಡಮ್ಮ ಹಿಂದೆಯೇ ಓಡಿದಳು.

"ಕೆಳಗಿಂದು ಮ್ಯಾಲ ಹೆಂಗ ಬರ್ತೈತವ್ವಾ?" ಆತ ನಕ್ಕ.

ಆ ನಗು ನನಗೆ ಇಂದಿಗೂ ಹಿತ. ದೊಡ್ಡಮ್ಮನ ಮೇಲಿನ ಸಿಟ್ಟು ಇಳಿದಿಲ್ಲ, ಇಳಿಯಲೆಂಬ ಆಸೆಯೂ ಇಲ್ಲ. ಆದರೆ ಒಳಗೆ ಹೂ ಮುಡಿದು ಕೂತಿದ್ದ ಅಕ್ಕ, ದಿನಾ ನನ್ನ ಜಡೆ ಹೆಣೆಯುತ್ತಿದ್ದವಳು. ಮತ್ತೆ, ಅಷ್ಟು ಮುಗ್ಗಿದ ಕಾಳು ಒಣಗಿದರೂ ತಿನ್ನಲು ಬರುವುದಿಲ್ಲ, ಅದು ಅವ್ವನಿಗೆ ಗೊತ್ತಿಲ್ಲದ್ದೇನಲ್ಲ. ಸಂಜೆ ಅವ್ವ ಅದನ್ನು ತಿಪ್ಪೆಗೆ ಸುರಿದಳು.

ಬಿ.ಎ. ಮುಗಿಸಿ ಬಂದ ವರ್ಷ, ಮೊರ ಹಿಡಿದು ಕೂತಿದ್ದ ಅವ್ವನನ್ನು ಕೇಳಿದೆ. ಅವಳು ಕೇರುವುದನ್ನು ನಿಲ್ಲಿಸಲಿಲ್ಲ.

"ಅವತ್ತ ಅವರು ಬರ್ತಾರಂತ ನಿನಗ ಗೊತ್ತಿತ್ತೇನವ್ವಾ?"