ಸವೆಯದ ಚಕ್ರಗಳು

ಹೆಲ್ಕಾ ಮುಸ್ಟೊನೆನ್‌ಗೆ ಮೂಗು ತೂರಿಸುವ ಚಾಳಿ ಇತ್ತು. ಇದೇನೂ ಚಾಡಿಮಾತಲ್ಲ. ಕೊಯ್ವುಲಂಪಿ ಊರಿಗೆ ಊರೇ ಇದನ್ನು ಅವಳ ಮುಖಕ್ಕೇ ಹೇಳುತ್ತಿತ್ತು, ಅವಳು ಹೌದೆಂದು ತಲೆಯಾಡಿಸಿ ಮುಂದಿನ ಪ್ರಶ್ನೆ ಕೇಳುತ್ತಿದ್ದಳು. ಅವಳ ಅದೃಷ್ಟಕ್ಕೆ ಅಂಥ ಮೂಗಿಗೆ ತಕ್ಕ ಕೆಲಸವೇ ಸಿಕ್ಕಿತ್ತು. ಆರೋಗ್ಯ ಕೇಂದ್ರದ ನೆಲಮಾಳಿಗೆಯಲ್ಲಿ ಪಂಚಾಯಿತಿಯ ಸಾಮಾನು ಕೋಣೆ ಅವಳ ವಶದಲ್ಲಿತ್ತು. ಊರುಗೋಲು, ಗಾಲಿಕುರ್ಚಿ, ಸ್ನಾನದ ಸ್ಟೂಲು, ಚಕ್ರದ ವಾಕರ್, ಮಂಚದ ಕಾಲಿಗೆ ಕೊಡುವ ಅಟ್ಟಣೆ, ಎಲ್ಲವೂ ಅಲ್ಲಿದ್ದವು. ಬೇಕಾದವರು ಇಂತಿಷ್ಟು ಅವಧಿಗೆಂದು ಒಯ್ಯುತ್ತಿದ್ದರು, ಬೇಡವಾದಾಗ ತಂದಿಡುತ್ತಿದ್ದರು, ಇನ್ನೂ ಬೇಕಿದ್ದರೆ ಅವಧಿ ಮುಂದುವರಿಸಿಕೊಳ್ಳುತ್ತಿದ್ದರು. ಯಾರೂ ಕಾಸು ಕೊಡಬೇಕಾಗಿರಲಿಲ್ಲ.

ಅದಕ್ಕೂ ಮೊದಲು ಅವಳು ಕೋಟು ಹೊಲಿಯುವ ಕಾರ್ಖಾನೆಯಲ್ಲಿದ್ದಳು. ಕಾರ್ಖಾನೆ ಮುಚ್ಚಿತು, ಕಣ್ಣಿನ ಅಭ್ಯಾಸ ಮಾತ್ರ ಉಳಿಯಿತು. ದುರಸ್ತಿಗೆ ಬಂದ ಕೋಟಿನ ಮೊಣಕೈ ನೋಡಿ ಅದರ ಯಜಮಾನ ಮೇಜಿನ ಮುಂದೆ ಕೂರುವವನೋ ಬಾರಿನ ಕಟ್ಟೆಗೆ ಒರಗುವವನೋ ಎಂದು ಹೇಳುತ್ತಿದ್ದವಳು ಈಗ ವಾಪಸ್ ಬಂದ ಸಾಮಾನುಗಳನ್ನು ತಿರುಗಿಸಿ ಮುರುಗಿಸಿ ನೋಡತೊಡಗಿದಳು. ಹಿಡಿಯ ಮೇಲೆ ಹಲ್ಲಿನ ಗುರುತಿದ್ದರೆ ಮನೆಗೆ ನಾಯಿಮರಿ ಬಂದಿದೆ. ಗಾಲಿಕುರ್ಚಿಯ ಸೀಟಿನಲ್ಲಿ ಕಾಡುಹಣ್ಣಿನ ಕಲೆ ಇದ್ದರೆ ಅಲ್ಲಿಗೆ ಬಿಡುತ್ತಿರಲಿಲ್ಲ, ನೇರವಾಗಿ ಕೇಳಿಯೇ ಬಿಡುತ್ತಿದ್ದಳು: "ಕಾಲು ಮುರ್ಕೊಂಡು ಕಾಡಿಗೆ ಹೇಗಮ್ಮಾ ಹೋದೆ? ಹೊತ್ಕೊಂಡು ಹೋದೋರು ಯಾರು?" ಹೆಲ್ಕಾಗೆ ಊರುಗೋಲು ವಾಪಸ್ ಕೊಡುವುದೂ ಒಂದೇ, ಪೊಲೀಸರಿಗೆ ಹೇಳಿಕೆ ಕೊಡುವುದೂ ಒಂದೇ ಎಂದು ಜನ ನಗುತ್ತಿದ್ದರು.

ಅಂಥವಳ ತಲೆ ಕೆಡಿಸಿದ್ದು ಆರ್ವಿ ಕಿಸ್ಕೊನೆನ್‌ನ ವಾಕರ್.

ಆರ್ವಿ ಪ್ರಾಯದಲ್ಲಿ ನದಿಯಲ್ಲಿ ಮರದ ದಿಮ್ಮಿ ತೇಲಿಸುತ್ತಿದ್ದವನು. ಉರುಳುವ ದಿಮ್ಮಿಗಳ ಮೇಲೆ ಬೀದಿಯಲ್ಲಿ ನಡೆದ ಹಾಗೆ ನಡೆಯುತ್ತಿದ್ದನಂತೆ. ಮದುವೆಯ ಗೊಡವೆಗೆ ಹೋಗಲಿಲ್ಲ. ಸರೋವರದ ಆಚೆ ದಡದಲ್ಲಿ ತನ್ನ ಪಾಡಿಗೆ ತಾನು ಮೀನು ಹಿಡಿದುಕೊಂಡು, ಯಾರ ಹಂಗೂ ಇಲ್ಲದೆ ಇದ್ದ. ಹೋದ ಶರತ್ಕಾಲದಲ್ಲಿ ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಪಟ್ಟಣದ ಆಸ್ಪತ್ರೆಯವರು ಜೋಡಿಸಿ ಕಳಿಸಿದರು. ಕಳಿಸುವಾಗ ಡಾಕ್ಟರು ಒಂದು ಮಾತನ್ನು ಖಡಾಖಂಡಿತವಾಗಿ ಹೇಳಿದ್ದರು: ವಾಕರ್ ಹಿಡಿದೇ ನಡೆಯಬೇಕು, ಇನ್ನೊಂದು ಸಲ ಬಿದ್ದರೆ ಒಂಟಿಯಾಗಿ ಮನೆಗೆ ಹೋಗುವ ಮಾತಿಲ್ಲ, ಪಟ್ಟಣದ ವೃದ್ಧಾಶ್ರಮವೇ ಗತಿ.

ವಾಕರ್ ಕೊಟ್ಟಿದ್ದು ಹೆಲ್ಕಾ. ಅವಧಿ ಮುಗಿದ ದಿನವೇ, ನಡು ಚಳಿಗಾಲದಲ್ಲಿ, ಆರ್ವಿ ಅದನ್ನು ವಾಪಸ್ ತಂದ. ತಂದದ್ದು ಒದೆಬಂಡಿಯ ಮೇಲೆ. ಹಿಂದಿನ ಹಲಗೆಯ ಮೇಲೆ ಒಂದು ಕಾಲಿಟ್ಟು ಇನ್ನೊಂದರಿಂದ ನೆಲ ಒದೆಯುತ್ತಾ ಹಿಮದ ಮೇಲೆ ಜಾರುವ ಆ ಬಂಡಿ ಊರಿನ ಪ್ರತಿ ಮನೆಯಲ್ಲೂ ಇದೆ. ಆರ್ವಿ ಒದೆಯುತ್ತಿರಲಿಲ್ಲ, ಹಿಡಿಯ ಮೇಲೆ ಭಾರ ಹಾಕಿ ಹಿಂದೆ ಹಿಂದೆ ನಡೆಯುತ್ತಿದ್ದ. ಮುಂದಿನ ಸೀಟಿನ ಮೇಲೆ ವಾಕರ್ ಉಣ್ಣೆಯ ಕಂಬಳಿ ಹೊದ್ದು ಬೆಚ್ಚಗೆ ಕೂತಿತ್ತು. ಹೆಲ್ಕಾ ಅವಧಿ ಮುಂದುವರಿಸಿ ಅದನ್ನೇ ಮತ್ತೆ ಕೊಟ್ಟಳು. ಮಾರ್ಚ್ ಕೊನೆಯಲ್ಲಿ, ಹಿಮ ತೆಳುವಾಗಿ ದಾರಿಯ ಮಣ್ಣು ಅಲ್ಲಲ್ಲಿ ಕಾಣುವ ಹೊತ್ತಿಗೆ, ಮತ್ತೆ ಅದೇ ಬಂಡಿ, ಅದೇ ಕಂಬಳಿ.

ಹೆಲ್ಕಾ ವಾಕರನ್ನು ತಲೆಕೆಳಗು ಮಾಡಿ ನೋಡಿದಳು. ಚಕ್ರದ ರಬ್ಬರಿನ ಮೇಲೆ ಕಾರ್ಖಾನೆಯಿಂದ ಬಂದ ನವಿರು ಎಳೆಗಳು ಹಾಗೇ ಇದ್ದವು. ಜಲ್ಲಿ ಹಾಸಿದ ಊರಿನಲ್ಲಿ ಒಂದು ಮರಳಿನ ಹರಳೂ ಅದಕ್ಕೆ ಅಂಟಿರಲಿಲ್ಲ.

"ಯಜಮಾನ್ರೇ, ಇದನ್ನ ಉಪಯೋಗಿಸ್ತೀರೋ ಇಲ್ವೋ?"

"ವಸ್ತು ಚೆನ್ನಾಗಿದೆ. ಪಂಚಾಯ್ತಿಯೋರಿಗೆ ನಾನು ಉಪಕಾರ ನೆನೆದೆ ಅಂತ ಹೇಳು."

"ನಾನು ಕೇಳಿದ್ದು ಅದಲ್ಲ."

"ನಾನು ಹೇಳಿದ್ದು ಅದೇ," ಎಂದ ಆರ್ವಿ, ಅವಧಿ ಮುಂದುವರಿಸಿಕೊಂಡ ವಾಕರಿಗೆ ಮತ್ತೆ ಕಂಬಳಿ ಹೊದಿಸುತ್ತಾ.

ಹೆಲ್ಕಾ ಮೇಲಿನ ಮಹಡಿಗೆ ಹೋಗಿ ವ್ಯಾಯಾಮ ಚಿಕಿತ್ಸೆ ನೋಡಿಕೊಳ್ಳುವ ಮಾರ್ಕೆಟ್ಟಾಳ ತಲೆ ತಿಂದಳು.

"ನಾಚಿಕೆ ಇರ್ಬೇಕು ಕಣೆ. ದಿಮ್ಮಿ ಮೇಲೆ ನಡೆದೋನು," ಎಂದಳು ಮಾರ್ಕೆಟ್ಟಾ.

"ನಾಚಿಕೆ ಇದ್ದೋನು ಮೂಲೆಗೆ ಬಿಸಾಕ್ತಾನೆ. ಇವನು ಮಗು ಥರ ಸಾಕಿದಾನೆ. ಯಾಕೆ?"

"ಯಾಕೋ ಏನೋ. ನನಗೆ ಹೆದರಿಕೆ ಬೇರೆ. ಇನ್ನೊಂದು ವಾರಕ್ಕೆ ಹಿಮ ಪೂರ್ತಿ ಕರಗತ್ತೆ, ಒದೆಬಂಡಿ ಕೊಟ್ಟಿಗೆ ಸೇರತ್ತೆ. ಆಮೇಲೆ ಏನ್ ಹಿಡ್ಕೊಂಡು ನಡೀತಾನೆ? ಬಿದ್ದ ಅಂತಾದ್ರೆ ಆಶ್ರಮಕ್ಕೆ ಕಳಿಸೋ ಕಾಗದಕ್ಕೆ ನಾನೇ ಸಹಿ ಹಾಕ್ಬೇಕು."

ಮುಂದಿನ ಮಂಗಳವಾರ ಕೆಲಸ ಮುಗಿಸಿ ಹೆಲ್ಕಾ ಸರೋವರ ಬಳಸಿ ಆರ್ವಿಯ ಮನೆಗೆ ಹೋದಳು. ವಾಕರಿನ ಬ್ರೇಕು ನೋಡಬೇಕು ಎಂಬುದು ನೆಪ. ಮನೆಯ ಬಾಗಿಲಿಗೆ ಪೊರಕೆ ಒರಗಿಸಿತ್ತು. ಬಾಗಿಲಿಗೆ ಪೊರಕೆ ಒರಗಿಸಿದ್ದರೆ ಮನೆಯಲ್ಲಿ ಯಾರೂ ಇಲ್ಲ ಎಂದೇ ಅರ್ಥ. ಅದಕ್ಕಿಂತ ದೊಡ್ಡ ಬೀಗ ಆ ಸೀಮೆಯಲ್ಲಿ ಬೇಕಾಗಿಲ್ಲ. ಬೇರೆ ಯಾರಾದರೂ ಆಗಿದ್ದರೆ ಬಂದ ದಾರಿ ಹಿಡಿಯುತ್ತಿದ್ದರು. ಹೆಲ್ಕಾ ಮೆಟ್ಟಿಲುಗಳನ್ನು ನೋಡಿದಳು. ಎತ್ತರದ ಮರದ ಮೆಟ್ಟಿಲುಗಳ ಮೇಲೆ ಚಳಿಗಾಲದ ಹಳೇ ಮಂಜುಗಡ್ಡೆ ಹಾಗೇ ಇತ್ತು, ಒಂದು ಹೆಜ್ಜೆ ಗುರುತಿಲ್ಲ. ಆಮೇಲೆ ದಡದ ಕಡೆ ನೋಡಿದಳು. ಅಲ್ಲಿ ಹಬೆ ಸ್ನಾನದ ಸೌನಾ ಗುಡಿಸಲಿನ ಚಿಮಣಿಯಿಂದ ಹೊಗೆ ಏಳುತ್ತಿತ್ತು.

ಮಂಗಳವಾರ ಸೌನಾ ಕಾಯಿಸುವವರು ಯಾರು? ಬೆವರಿ ಮೀಯುವ ಶಾಸ್ತ್ರಕ್ಕೆ ಶನಿವಾರ ಇದೆ. ಹೆಲ್ಕಾಳ ಮೂಗು ಅವಳಿಗಿಂತ ಮುಂದೆ ಓಡಿತು.

ಬಾಗಿಲು ತಟ್ಟಿ ಒಳಗೆ ಹೋದಳು. ಬಟ್ಟೆ ಕಳಚುವ ಮುಂಗೋಣೆಯ ಬೆಂಚಿನ ಮೇಲೆ ಹಾಸಿಗೆ, ಕಿಟಕಿಯಲ್ಲಿ ರೇಡಿಯೊ, ಒಲೆಯ ಮೇಲೆ ಮೀನಿನ ಸಾರು. ನಡುವೆ ಆರ್ವಿ ಗೋಡೆ ಹಿಡಿದು ನಿಂತಿದ್ದ.

"ಏನ್ ಯಜಮಾನ್ರೇ, ಇಲ್ಲಿ ಸಂಸಾರ ಹೂಡಿದೀರಾ?"

"ಪೊರಕೆ ಕಾಣ್ಲಿಲ್ವಾ ನಿಂಗೆ?"

"ಕಾಣ್ತು."

"ಮತ್ತೆ? ಮನೇಲಿ ಯಾರೂ ಇಲ್ಲ ಅಂತ ಹೇಳಿದ್ದೆ. ಇದ್ನಾ? ನಾನೇನು ಸುಳ್ಳುಗಾರನಾ?"

ಅವನು ಹೇಳಿದ್ದು ಸರಿಯೇ. ಮೆಟ್ಟಿಲು ಹತ್ತಲಾಗದೆ ಅವನು ಕ್ರಿಸ್ಮಸ್‌ನಿಂದ ಇಲ್ಲೇ ಇದ್ದ. ಹೆಲ್ಕಾಳ ಕಣ್ಣು ಆಗಲೇ ಮೂಲೆಗೆ ಹೋಗಿತ್ತು. ಅಲ್ಲಿ ಇಸ್ತ್ರಿ ಮಾಡಿದ ಬಿಳಿ ದುಪ್ಪಟಿ ಹೊದ್ದು ಏನೋ ನಿಂತಿತ್ತು. ದುಪ್ಪಟಿ ಎತ್ತಿದಳು. ವಾಕರ್. ಅದರ ಚಕ್ರಗಳು ನೆಲಕ್ಕೆ ತಾಗದ ಹಾಗೆ ಕೆಳಗೆ ಎರಡು ಸೌದೆ ತುಂಡು ಇಟ್ಟಿದ್ದ.

"ಯಾಕೆ?" ಎಂದಳು. ಈ ಸಲ ಮೆಲ್ಲಗೆ ಕೇಳಿದಳು.

ಆರ್ವಿ ಒಲೆಯ ಕಡೆ ತಿರುಗಿ ಸೌಟು ಹಿಡಿದ. ಸಾರು ಕಲಕಿದ. ಕಲಕುತ್ತಲೇ ಹೇಳಿದ.

"ನಮ್ಮವ್ವನ್ನ ಹರಾಜು ಹಾಕಿದ್ರು. ಕೇಳಿದೀಯಾ ಆ ಕಾಲದ್ದು?"

ಹೆಲ್ಕಾ ಕೇಳಿದ್ದಳು. ಅನಾಥ ಮಕ್ಕಳನ್ನು ಪಂಚಾಯಿತಿ ಸಭೆಯಲ್ಲಿ ನಿಲ್ಲಿಸಿ, ಸಾಕಲು ಯಾರು ಎಲ್ಲರಿಗಿಂತ ಕಮ್ಮಿ ದುಡ್ಡು ಕೇಳುತ್ತಾರೋ ಅವರ ಮನೆಗೆ ಕಳಿಸುತ್ತಿದ್ದ ಕಾಲ. ಅದನ್ನು ಕೇಳದವರು ಆ ಕಡೆ ಇಲ್ಲ, ಬಾಯಿಬಿಟ್ಟು ಆಡುವವರೂ ಕಡಿಮೆ.

"ಪಂಚಾಯ್ತಿಯೋರು ಅವ್ವಂಗೆ ಒಂದು ಉಣ್ಣೆ ಅಂಗಿ ಕೊಟ್ಟಿದ್ರಂತೆ. ಬೂದು ಬಣ್ಣದ್ದು. ದನ ಕಾಯೋಕೂ ಅದೇ, ಚರ್ಚಿಗೂ ಅದೇ. ದೊಡ್ಡೋಳಾದ್ಮೇಲೆ ಬೇರೆ ಕಡೆ ಕೆಲ್ಸಕ್ಕೆ ಹೊರಟ್ಲು. ಒಗೆದು ಮಡಚಿ ಪಂಚಾಯ್ತಿ ಸಭೇಲಿ ವಾಪಸ್ ಕೊಡೋಕೆ ಹೋದ್ಲು. ಒಬ್ಬ ಅದನ್ನ ಎಲ್ರ ಮುಂದೆ ಎತ್ತಿ ಹಿಡಿದ. ಮೊಣಕೈ ಸವೆದಿತ್ತು. 'ನೋಡಿ, ಊರಿನ ಬಟ್ಟೆನ ಹೆಂಗೆ ತಿಂದು ಹಾಕಿದಾಳೆ' ಅಂದ. ಜನ ನಕ್ರಂತೆ." ಸೌಟು ನಿಂತಿತು. "ಸಾಯೋ ತನಕ ಅವ್ವ ಒಂದೇ ಮಾತು ಹೇಳ್ತಿದ್ಲು. ಪಂಚಾಯ್ತಿದು ಅಂದ್ರೆ ಮುಟ್ಬೇಡ. ಮುಟ್ಟಿದ್ಯೋ, ತಗೊಂಡಂಗೇ ಕೊಡು. ಡಾಕ್ಟರು ತಗೊಳ್ಲೇಬೇಕು ಅಂದ್ರು, ತಗೊಂಡೆ. ತಗೊಂಡಂಗೇ ಕೊಡ್ತೀನಿ."

ಹೆಲ್ಕಾಳಿಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ? ಆ ಅಂಗಿ ಎತ್ತಿ ಹಿಡಿದವನು ಮಣ್ಣಾಗಿ ಎಷ್ಟೋ ಕಾಲವಾಗಿತ್ತು. ಅವಳು ಆಯುಷ್ಯದ ಅರ್ಧವನ್ನು ಕೋಟಿನ ಮೊಣಕೈಗಳ ಜೊತೆ ಕಳೆದವಳು. ಮೊಣಕೈ ಸವೆಯದ ಅಂಗಿಯನ್ನು ಯಾರೂ ತೊಟ್ಟೇ ಇರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ದನ ಕಾಯುವ ಹುಡುಗಿ ಮೈ ಮುಚ್ಚಿಕೊಂಡದ್ದೇ ತಪ್ಪಾಯಿತೇ? ಅವಳಿಗೆ ಅಳು ಬಂತು, ಅಳುವ ಬದಲು ವಾಕರನ್ನು ಎಳೆದುಕೊಂಡು ಹೊರಗೆ ಹೋದಳು.

ಅಂಗಳ ಹಿಮ ಕರಗಿ ಕೆಸರಾಗಿತ್ತು. ಹೆಲ್ಕಾ ಪಂಚಾಯಿತಿಯ ವಾಕರನ್ನು ಆಲೂಗಡ್ಡೆ ಮಡಿಯ ಉದ್ದಕ್ಕೂ ನೂಕಿದಳು, ತಿರುಗಿಸಿ ವಾಪಸ್ ನೂಕಿದಳು, ಬಾವಿಕಟ್ಟೆಯ ಕಲ್ಲಿಗೆ ಅದರ ಬಣ್ಣ ಕಿತ್ತುಬರುವಂತೆ ಒಂದು ಸಲ ಗುದ್ದಿದಳು.

ಆರ್ವಿ ಬಾಗಿಲ ಚೌಕಟ್ಟು ಹಿಡಿದು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. "ಹುಚ್ಚು ಹಿಡೀತೇನೇ ಹುಡುಗಿ ನಿಂಗೆ? ಅದು ಪಂಚಾಯ್ತಿದು."

"ನಾನೂ ಪಂಚಾಯ್ತಿಯೋಳೇ. ಹಾಳು ಮಾಡಿದ್ದು ನಾನು. ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಹೇಳಿ."

"ಬ್ರೇಕು ಮುರಿಯತ್ತೆ, ಬಿಡೇ."

"ಮುರೀಲಿ. ಅಷ್ಟು ಸಂಕಟ ಆದ್ರೆ ನೀವೇ ಬಂದು ಬಿಡಿಸ್ಕೊಳ್ಳಿ."

ಅವನು ಬೈಯುತ್ತಾ ಬಂದ. ಗೋಡೆ ಹಿಡಿದು, ಬೇಲಿ ಹಿಡಿದು, ಕೊನೆಗೆ ಹಿಡಿಯಲು ಏನೂ ಇಲ್ಲದ ಕಡೆ ಕೈ ಚಾಚಿದ. ಹೆಲ್ಕಾ ವಾಕರನ್ನು ಅವನ ಕೈಗೆ ಎಟುಕುವಷ್ಟು ಮುಂದಕ್ಕೆ ತಳ್ಳಿದಳು. ಆರ್ವಿ ಹಿಡಿಗಳನ್ನು ಗಟ್ಟಿಯಾಗಿ ಹಿಡಿದ. ಹಿಡಿದ ಮೇಲೆ ಅಂಗಳದ ನಡುವೆ ನೆಟ್ಟಗೆ ನಿಂತಿದ್ದ.

"ಕಾಫಿ ಕುಡೀತೀಯಾ?" ಎಂದ.

"ಕುಡಿಯೋಣ. ನೀವು ಮುಂದೆ ನಡೀರಿ."

ಅವನು ವಾಕರ್ ನೂಕುತ್ತಾ ನಡೆದ, ಅವಳು ಹಿಂದೆ ಹೋದಳು.

ಆ ತಿಂಗಳೇ ಮಾರ್ಕೆಟ್ಟಾ ಹೇಳಿ ಮನೆಯ ಮೆಟ್ಟಿಲಿಗೆ ಮರದ ಇಳಿಜಾರು ಹಾಕಿಸಿದಳು. ಆರ್ವಿ ಎರಡು ದಿನ ಗೊಣಗಿ, ಪೊರಕೆ ತೆಗೆದು ಮನೆಯೊಳಗೆ ಹೋದ. ಬೇಸಿಗೆಯಿಡೀ ಅವನು ಬೀಳಲಿಲ್ಲ.

ಶರತ್ಕಾಲದಲ್ಲಿ ಅವಧಿ ಮುಗಿದ ದಿನ ನೆಲಮಾಳಿಗೆಯ ಬಾಗಿಲಲ್ಲಿ ಚಕ್ರದ ಸದ್ದಾಯಿತು. ಈ ಸಲ ಕಂಬಳಿ ಇರಲಿಲ್ಲ. ಊರುಗೋಲಿಗೆ, ಸ್ಟೂಲಿಗೆ ಬಂದವರು ನಾಲ್ಕಾರು ಜನ ಗೋಡೆಗುಂಟ ಕೂತಿದ್ದರು. ಆರ್ವಿ ವಾಕರನ್ನು ಹೆಲ್ಕಾಳ ಮುಂದೆ ನಿಲ್ಲಿಸಿದ. ಚಕ್ರದ ಸಂದಿಯಲ್ಲಿ ಕೆಸರು ಒಣಗಿ ಪೈನ್ ಎಲೆ ಕಚ್ಚಿಕೊಂಡಿತ್ತು. ವಾಕರಿನ ಬುಟ್ಟಿಗೆ ಮೀನಿನ ಹುರುಪೆ ಅಂಟಿತ್ತು. ಎಡಗೈ ಹಿಡಿಯ ರಬ್ಬರು ಸವೆದು ನುಣುಪಾಗಿತ್ತು. ಆರ್ವಿ ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡು, ಸಾಮಾನು ಕೊಡುವ ಕಟ್ಟೆಗೆ ಒರಗಿ, ತಲೆ ತಗ್ಗಿಸಿ ನಿಂತ.

ಹೆಲ್ಕಾ ಎದ್ದು ಈಚೆ ಬಂದಳು. ಎಲ್ಲರೂ ನೋಡುತ್ತಿದ್ದಂತೆ ವಾಕರನ್ನು ಎತ್ತಿ ಹಿಡಿದಳು. ಆರ್ವಿಯ ಮುಖ ಬಿಳಿಚಿತು. ಅವಳು ಚಕ್ರ ತಿರುಗಿಸಿ ನೋಡಿದಳು, ಸವೆದ ಹಿಡಿಯ ಮೇಲೆ ಹೆಬ್ಬೆರಳು ಆಡಿಸಿದಳು, ಅವಸರವಿಲ್ಲದೆ ಅದನ್ನು ಕೆಳಗಿಳಿಸಿ ಅವನ ಕಡೆಗೇ ತಿರುಗಿಸಿ ನಿಲ್ಲಿಸಿದಳು.

"ಇನ್ನೂ ಸವೆಯೋದಿದೆ ಯಜಮಾನ್ರೇ," ಎಂದಳು. "ತಗೊಂಡು ಹೋಗಿ."